ಫೋನು, ಚೀಟಿ, ಚೆಕ್ಕು: ವಾಟರ್‌ಗೇಟ್ ವರದಿಗಾರಿಕೆ ಮತ್ತು ಅದನ್ನು ದಾಖಲಿಸಿದ ಚಿತ್ರ

1976ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಆಲ್ ದಿ ಪ್ರೆಸಿಡೆಂಟ್ಸ್ ಮೆನ್’ ಚಿತ್ರವನ್ನು ರಾಜಕೀಯ ಥ್ರಿಲ್ಲರ್‌ಗಳ ಸಾಲಿನಲ್ಲಿ ಇರಿಸುವುದು ವಾಡಿಕೆಯಾಗಿದ್ದರೂ, ಆ ಪ್ರಕಾರದಿಂದ ಪ್ರೇಕ್ಷಕರು ನಿರೀಕ್ಷಿಸುವ ಕೊಲೆಯಾಗಲಿ, ಬೆನ್ನಟ್ಟುವ ಓಟವಾಗಲಿ, ಗುಂಡಿನ ಕಾಳಗವಾಗಲಿ ಅದರಲ್ಲಿ ಇಲ್ಲ. ಎರಡು ಗಂಟೆಗೂ ಮೀರಿದ ಅವಧಿಯಲ್ಲಿ ಇಬ್ಬರು ವರದಿಗಾರರು ಫೋನು ಮಾಡುತ್ತಾರೆ, ಟಿಪ್ಪಣಿ ಗೀಚಿಕೊಳ್ಳುತ್ತಾರೆ, ರಾತ್ರಿಯ ಹೊತ್ತು ಅಪರಿಚಿತರ ಮನೆ ಬಾಗಿಲು ತಟ್ಟುತ್ತಾರೆ ಮತ್ತು ಬಹುಪಾಲು ಕಡೆ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಕಥೆಯ ಕೊನೆ ಏನೆಂಬುದು ಚಿತ್ರಮಂದಿರದ ಪ್ರತಿಯೊಬ್ಬರಿಗೂ ಮೊದಲೇ ತಿಳಿದಿತ್ತು, ಏಕೆಂದರೆ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅಧಿಕಾರ ತ್ಯಜಿಸಿ ಆಗಲೇ ಇಪ್ಪತ್ತು ತಿಂಗಳು ಕಳೆದಿದ್ದವು. ಹೀಗಿದ್ದೂ ಕುತೂಹಲ ಸಡಿಲವಾಗದಿರುವುದಕ್ಕೆ ಕಾರಣ, ನಿರ್ದೇಶಕ ಅಲನ್ ಪಾಕುಲಾ ಅಧ್ಯಕ್ಷನ ಪತನವನ್ನು ಬಿಟ್ಟು ಪತ್ರಿಕಾ ಕಸುಬಿನ ದೈನಿಕ ದುಡಿಮೆಯನ್ನೇ ಚಿತ್ರದ ವಸ್ತುವಾಗಿ ಎತ್ತಿಕೊಂಡದ್ದು. ಟೈಪ್‌ರೈಟರ್ ಮತ್ತು ಡಯಲ್ ಫೋನಿನ ಕಾಲದ ಸುದ್ದಿಮನೆ ಹೇಗೆ ಕೆಲಸ ಮಾಡುತ್ತಿತ್ತು ಎಂದು ತಿಳಿಯಬಯಸುವವರಿಗೆ ಈ ಚಿತ್ರ ಇಂದು ಒಂದು ಆಕರವೇ ಆಗಿದೆ. ಆಕರವೆಂದು ಒಪ್ಪಿಕೊಂಡ ಮೇಲೆ, ಯಾವುದೇ ದಾಖಲೆಯನ್ನು ಪರೀಕ್ಷಿಸುವಂತೆ ಅದು ಏನನ್ನು ಉಳಿಸಿದೆ, ಏನನ್ನು ಅಳಿಸಿದೆ ಎಂಬುದನ್ನೂ ನೋಡಬೇಕಾಗುತ್ತದೆ.

ಅಧಿಕಾರಸ್ಥರು ಮುಚ್ಚಿಡಬಯಸಿದ ಸಂಗತಿಯನ್ನು ಪತ್ರಕರ್ತರು ತಮ್ಮದೇ ಶ್ರಮದಿಂದ, ದಾಖಲೆ ಮತ್ತು ಸಾಕ್ಷಿಗಳ ಬಲದಿಂದ ಹೊರಗೆ ತರುವ ಬಗೆಯನ್ನು ತನಿಖಾ ಪತ್ರಿಕೋದ್ಯಮ ಎನ್ನುತ್ತಾರೆ. ಅಮೆರಿಕದಲ್ಲಿ ಇದರ ಮೊದಲ ಏರುಕಾಲ ಇಪ್ಪತ್ತನೆಯ ಶತಮಾನದ ಆರಂಭದ್ದು. ‘ಮೆಕ್‌ಕ್ಲೂರ್ಸ್’ ಮಾಸಪತ್ರಿಕೆಯಲ್ಲಿ ಐಡಾ ಟಾರ್ಬೆಲ್ 1902ರಿಂದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಏಕಸ್ವಾಮ್ಯದ ಕಥೆಯನ್ನು ನ್ಯಾಯಾಲಯದ ಕಡತಗಳಿಂದ ಹೆಕ್ಕಿ ಧಾರಾವಾಹಿಯಾಗಿ ಬರೆದರು. ಲಿಂಕನ್ ಸ್ಟೆಫೆನ್ಸ್ ನಗರಾಡಳಿತಗಳ ಲಂಚಗುಳಿತನವನ್ನು ಬಯಲಿಗೆಳೆದರು. 1906ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಇಂಥ ಬರಹಗಾರರನ್ನು ತಲೆ ಎತ್ತದೆ ಕೊಳಕನ್ನೇ ಕೆದಕುವವರೆಂದು ಜರೆದಾಗ, ಅವರಲ್ಲಿ ಕೆಲವರು ಆ ಬೈಗುಳವನ್ನೇ ಬಿರುದಾಗಿ ಧರಿಸಿದರು. ಆದರೆ ಮೊದಲ ಮಹಾಯುದ್ಧದ ಹೊತ್ತಿಗೆ ಈ ಅಲೆ ಇಳಿಯಿತು. ಆನಂತರದ ದಶಕಗಳಲ್ಲಿ ದಿನಪತ್ರಿಕೆಗಳು ನಿಷ್ಪಕ್ಷಪಾತವೆಂದರೆ ಅಧಿಕಾರಿ ಹೇಳಿದ್ದನ್ನು ಹೇಳಿದಂತೆಯೇ ಅಚ್ಚುಮಾಡುವುದು ಎಂದು ತಿಳಿದವು, ಮತ್ತು 1950ರ ದಶಕದಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ ಆಧಾರವಿಲ್ಲದೆ ಎಸೆದ ಆರೋಪಗಳು ಮುಖಪುಟಗಳಲ್ಲಿ ಸಲೀಸಾಗಿ ಜಾಗ ಪಡೆದದ್ದು ಈ ತಿಳಿವಳಿಕೆಯ ಫಲವೇ. ಸರ್ಕಾರಿ ಕಡತಗಳನ್ನು ಒಂಟಿಯಾಗಿ ಓದಿ ವಾರಪತ್ರ ನಡೆಸಿದ ಐ. ಎಫ್. ಸ್ಟೋನ್ ಅವರಂಥವರು ಅಪವಾದವಾಗಿದ್ದರು.

ಈ ಜಡ್ಡನ್ನು ಸಡಿಲಿಸಿದ್ದು ವಿಯೆಟ್ನಾಂ ಯುದ್ಧ. ಮೈ ಲಾಯ್ ಗ್ರಾಮದಲ್ಲಿ ಅಮೆರಿಕದ ಸೈನಿಕರು ನಡೆಸಿದ ಹತ್ಯಾಕಾಂಡವನ್ನು ಸೆಮೂರ್ ಹರ್ಷ್ 1969ರ ನವೆಂಬರ್‌ನಲ್ಲಿ ಒಂದು ಸಣ್ಣ ಸುದ್ದಿಸಂಸ್ಥೆಯ ಮೂಲಕ ಪ್ರಕಟಿಸಿದರು. 1971ರ ಜೂನ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’, ಅದರ ಬೆನ್ನಿಗೇ ‘ವಾಷಿಂಗ್ಟನ್ ಪೋಸ್ಟ್’, ಯುದ್ಧದ ಬಗೆಗಿನ ರಹಸ್ಯ ದಾಖಲೆಗಳಾದ ಪೆಂಟಗನ್ ಪತ್ರಗಳನ್ನು ಅಚ್ಚುಹಾಕಿದವು. ಪ್ರಕಟಣೆಗೆ ಮೊದಲೇ ತಡೆ ಒಡ್ಡುವ ಸರ್ಕಾರದ ಯತ್ನವನ್ನು ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ತಳ್ಳಿಹಾಕಿತು. ಈ ಸೋಲಿನಿಂದ ಕೆರಳಿದ ಶ್ವೇತಭವನ ಮಾಹಿತಿ ಸೋರಿಕೆಯನ್ನು ತಡೆಯಲೆಂದು ಗುಪ್ತ ತಂಡವೊಂದನ್ನು ಕಟ್ಟಿತು. ಸೋರುವ ಕೊಳಾಯಿಯನ್ನು ಸರಿಪಡಿಸುವವರೆಂಬ ಅರ್ಥದಲ್ಲಿ ತಮ್ಮನ್ನು ‘ಪ್ಲಂಬರ್‌’ಗಳೆಂದು ಕರೆದುಕೊಂಡ ಆ ತಂಡದ ಹೋವರ್ಡ್ ಹಂಟ್ ಮತ್ತು ಗಾರ್ಡನ್ ಲಿಡ್ಡಿ ಎಂಬಿಬ್ಬರೇ ಮರುವರ್ಷದ ಕನ್ನಗಳವಿನ ಹಿಂದೆಯೂ ಇದ್ದರು. ಎಂದರೆ ವಾಟರ್‌ಗೇಟ್ ಪ್ರಕರಣ ಪತ್ರಿಕೆಗಳಿಂದ ಬಯಲಾಗುವುದಕ್ಕೂ ಮೊದಲು, ಒಂದರ್ಥದಲ್ಲಿ, ಪತ್ರಿಕೆಗಳ ಮೇಲಿನ ಭಯದಿಂದಲೇ ಹುಟ್ಟಿತು. ಚಿತ್ರ ಈ ಹಿನ್ನೆಲೆಗೆ ಕೈಹಾಕುವುದಿಲ್ಲ.

1972ರ ಜೂನ್ 17ರ ನಸುಕಿನಲ್ಲಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದ ಕಾವಲುಗಾರ ಫ್ರಾಂಕ್ ವಿಲ್ಸ್, ಬಾಗಿಲಿನ ಚಿಲಕ ಹಾಕಿಕೊಳ್ಳದಂತೆ ಅಂಟಿಸಿದ್ದ ಟೇಪನ್ನು ಕಂಡು ಕಿತ್ತುಹಾಕಿದನು. ಸ್ವಲ್ಪ ಹೊತ್ತಿನ ಬಳಿಕ ಅದೇ ಜಾಗದಲ್ಲಿ ಮತ್ತೆ ಟೇಪು ಕಾಣಿಸಿದಾಗ ಪೊಲೀಸರಿಗೆ ಫೋನು ಮಾಡಿದನು. ಆರನೆಯ ಮಹಡಿಯಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಕಚೇರಿಯಲ್ಲಿ ಐವರು ಸಿಕ್ಕಿಬಿದ್ದರು. ಅವರ ಬಳಿ ಕ್ಯಾಮೆರಾಗಳು, ಕದ್ದಾಲಿಕೆಯ ಉಪಕರಣಗಳು ಮತ್ತು ಅನುಕ್ರಮ ಸಂಖ್ಯೆಯ ನೂರು ಡಾಲರ್ ನೋಟುಗಳಿದ್ದವು. ಚಿತ್ರದಲ್ಲಿ ಆ ಟೇಪನ್ನು ಕಾಣುವ ಕಾವಲುಗಾರನ ಪಾತ್ರವನ್ನು ವಿಲ್ಸ್ ತಾನೇ ವಹಿಸಿದ್ದಾನೆ. ದೇಶದ ಚರಿತ್ರೆಯನ್ನು ತಿರುಗಿಸಿದ ಆ ಒಂದು ಕರೆಯಿಂದ ಅವನ ಬದುಕಿಗೆ ಒದಗಿದ್ದು ಅಷ್ಟಕ್ಕಷ್ಟೆ. 2000ದಲ್ಲಿ ಅವನು ಬಡತನದಲ್ಲಿಯೇ ತೀರಿಕೊಂಡನು.

ಅಮೆರಿಕದ ದೊಡ್ಡ ಪತ್ರಿಕೆಗಳಲ್ಲಿ ಸುದ್ದಿಯನ್ನು ವಿಭಾಗಗಳಿಗೆ ಹಂಚುವ ಪದ್ಧತಿ ಆ ಕಾಲಕ್ಕೆ ಗಟ್ಟಿಯಾಗಿ ನೆಲೆಗೊಂಡಿತ್ತು. ಶ್ವೇತಭವನ, ಕಾಂಗ್ರೆಸ್ಸು, ಚುನಾವಣೆ ರಾಷ್ಟ್ರೀಯ ವಿಭಾಗದ ಪಾಲು. ಪೊಲೀಸ್ ಠಾಣೆ, ಮ್ಯಾಜಿಸ್ಟ್ರೇಟ್ ಕೋರ್ಟು, ನಗರದ ಕಳ್ಳತನಗಳು ಸ್ಥಳೀಯ ವಿಭಾಗದ ಪಾಲು. ಕನ್ನಗಳವು ಎಂಬ ಕಾರಣಕ್ಕೆ ಈ ಸುದ್ದಿ ‘ವಾಷಿಂಗ್ಟನ್ ಪೋಸ್ಟ್’ನ ಸ್ಥಳೀಯ ವಿಭಾಗಕ್ಕೆ ಬಂತು. ಮೊದಲ ದಿನದ ವರದಿ ಪ್ರಕಟವಾದದ್ದು ಪೊಲೀಸ್ ಸುದ್ದಿಯಲ್ಲಿ ನುರಿತಿದ್ದ ಹಿರಿಯ ವರದಿಗಾರ ಆಲ್ಫ್ರೆಡ್ ಲೂಯಿಸ್ ಅವರ ಹೆಸರಿನಲ್ಲಿ. ಪತ್ರಿಕೆ ಸೇರಿ ಒಂಬತ್ತು ತಿಂಗಳಾಗಿದ್ದ 29ರ ಬಾಬ್ ವುಡ್‌ವರ್ಡ್, ಹದಿಹರೆಯದಲ್ಲೇ ಸುದ್ದಿಮನೆಯ ಓಡಾಟದ ಹುಡುಗನಾಗಿ ಕಸುಬಿಗಿಳಿದಿದ್ದ 28ರ ಕಾರ್ಲ್ ಬರ್ನ್‌ಸ್ಟೀನ್ ಈ ಸುದ್ದಿಗೆ ಅಂಟಿಕೊಂಡದ್ದು ಹೀಗೆ. ರಾಜಕೀಯ ವರದಿಗಾರಿಕೆಯಲ್ಲಿ ಪಳಗಿದವರು ಇದನ್ನು ಮೂರನೆಯ ದರ್ಜೆಯ ಕಳ್ಳತನವೆಂದು ಬದಿಗೆ ಸರಿಸಬಹುದಾಗಿತ್ತು, ಶ್ವೇತಭವನದ ವಕ್ತಾರರು ಹೇಳಿದ್ದೂ ಅದನ್ನೇ. ದೊಡ್ಡ ಮನುಷ್ಯರ ಪರಿಚಯವೇ ಇಲ್ಲದ ಈ ಇಬ್ಬರಾದರೋ ಗುಮಾಸ್ತರು, ಕಾರ್ಯದರ್ಶಿಗಳು, ಲೆಕ್ಕ ಬರೆಯುವವರು ಮೊದಲಾದವರಿಂದ ಕೆಲಸ ಆರಂಭಿಸಬೇಕಾಯಿತು. ಅಜ್ಞಾತರಾಗಿದ್ದುದೇ ಅವರಿಗೆ ಅನುಕೂಲವಾಗಿ ಪರಿಣಮಿಸಿತು ಎಂದು ಹೇಳಲು ಅಡ್ಡಿಯಿಲ್ಲ. ಚಿತ್ರದ ಸಂಪಾದಕರ ಸಭೆಗಳಲ್ಲಿ ಸುದ್ದಿಯನ್ನು ಇವರ ಕೈಯಿಂದ ತೆಗೆದು ಅನುಭವಸ್ಥರಿಗೆ ಕೊಡಬೇಕೆಂಬ ಒತ್ತಾಯ ಕೇಳಿಬರುವುದು ವಿಭಾಗಗಳ ನಡುವಿನ ಒಳಜಗಳದ ನೆನಪಾಗಿ.

ಸುದ್ದಿ ಮುಂದೆ ಸಾಗಿದ್ದು ಹಣದ ಜಾಡು ಹಿಡಿದು. ಬಂಧಿತರಲ್ಲೊಬ್ಬನಾದ ಬರ್ನಾರ್ಡ್ ಬಾರ್ಕರ್‌ನ ಮಯಾಮಿ ಬ್ಯಾಂಕ್ ಖಾತೆಗೆ 25,000 ಡಾಲರ್‌ಗಳ ಒಂದು ಚೆಕ್ಕು ಜಮೆಯಾಗಿತ್ತು, ಅದರ ಮೇಲೆ ಕೆನೆತ್ ಡಾಲ್‌ಬರ್ಗ್ ಎಂಬ ಹೆಸರಿತ್ತು. ಡಾಲ್‌ಬರ್ಗ್ ನಿಕ್ಸನ್ ಅವರ ಚುನಾವಣಾ ನಿಧಿಗಾಗಿ ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ ಹಣ ಕೂಡಿಸುತ್ತಿದ್ದವರು. ಚುನಾವಣಾ ದೇಣಿಗೆಗಳನ್ನು ಬಹಿರಂಗಪಡಿಸಬೇಕೆಂಬ ಹೊಸ ಕಾಯ್ದೆ 1972ರ ಏಪ್ರಿಲ್ 7ರಂದು ಜಾರಿಗೆ ಬರುವುದಿದ್ದುದರಿಂದ, ಹೆಸರು ಹೇಳಲೊಲ್ಲದ ದಾನಿಗಳ ಹಣವನ್ನು ಅದಕ್ಕೆ ಮುಂಚೆಯೇ ಬಾಚಿಕೊಳ್ಳುವ ಅವಸರ ನಡೆದಿತ್ತು ಮತ್ತು ಹೀಗೆ ಕೂಡಿದ ನಗದಿನ ಒಂದು ಪಾಲು ಅಧ್ಯಕ್ಷರ ಮರುಚುನಾವಣಾ ಸಮಿತಿಯ ತಿಜೋರಿಯಿಂದ ಗುಪ್ತ ಕಾರ್ಯಾಚರಣೆಗಳಿಗೆ ಸಲ್ಲುತ್ತಿತ್ತು. ಚೆಕ್ಕಿನ ವಿಷಯ ಆಗಸ್ಟ್ 1ರಂದು ‘ಪೋಸ್ಟ್’ನಲ್ಲಿ ಪ್ರಕಟವಾದಾಗ ಕಳ್ಳರಿಗೂ ಸಮಿತಿಗೂ ಇರುವ ನಂಟು ಮೊದಲ ಬಾರಿಗೆ ಕಾಗದದ ಮೇಲೆ ಸ್ಥಾಪಿತವಾಯಿತು.

ಈ ಚೆಕ್ಕಿನ ಪ್ರಸಂಗವನ್ನು ಪಾಕುಲಾ ಮತ್ತು ಛಾಯಾಗ್ರಾಹಕ ಗಾರ್ಡನ್ ವಿಲಿಸ್ ಚಿತ್ರಿಸಿದ ರೀತಿ ಸಿನಿಮಾ ಚರಿತ್ರೆಯಲ್ಲಿಯೇ ವಿರಳವಾದುದು. ವುಡ್‌ವರ್ಡ್ ಪಾತ್ರದ ರಾಬರ್ಟ್ ರೆಡ್‌ಫೋರ್ಡ್ ತನ್ನ ಮೇಜಿನ ಬಳಿ ಕುಳಿತು ಒಂದಾದ ಮೇಲೊಂದು ಕರೆ ಮಾಡುವ ಈ ದೃಶ್ಯ ಸುಮಾರು ಆರು ನಿಮಿಷ ಎಲ್ಲಿಯೂ ತುಂಡಾಗದೆ ನಡೆಯುತ್ತದೆ, ಕ್ಯಾಮೆರಾ ಗಮನಕ್ಕೆ ಬಾರದಷ್ಟು ನಿಧಾನವಾಗಿ ಅವನ ಮುಖವನ್ನು ಸಮೀಪಿಸುತ್ತದೆ. ಮಸೂರದ ಅರ್ಧ ಭಾಗಕ್ಕೆ ಮಾತ್ರ ಮತ್ತೊಂದು ಗಾಜು ಸೇರಿಸಿ ಹತ್ತಿರದ್ದನ್ನೂ ದೂರದ್ದನ್ನೂ ಏಕಕಾಲಕ್ಕೆ ಸ್ಪಷ್ಟವಾಗಿ ತೋರಿಸುವ ತಂತ್ರವನ್ನು ವಿಲಿಸ್ ಇಲ್ಲಿ ಬಳಸಿದ್ದಾರೆ. ಆದ್ದರಿಂದ ಹಿನ್ನೆಲೆಯಲ್ಲಿ ಸಹೋದ್ಯೋಗಿಗಳು ಟಿ.ವಿ. ಮುಂದೆ ಗುಂಪುಗೂಡಿ ಆ ದಿನದ ‘ದೊಡ್ಡ’ ಸುದ್ದಿ ನೋಡುತ್ತಿರುವುದೂ, ಮುನ್ನೆಲೆಯಲ್ಲಿ ನಿಜವಾದ ದೊಡ್ಡ ಸುದ್ದಿ ಪಿಸುಮಾತಿನಲ್ಲಿ ಹೊರಬರುತ್ತಿರುವುದೂ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ. ಮಾತಿನ ನಡುವೆ ರೆಡ್‌ಫೋರ್ಡ್ ಒಂದು ಹೆಸರನ್ನು ತಪ್ಪಿ ಹೇಳಿ ತಿದ್ದಿಕೊಳ್ಳುತ್ತಾನೆ, ಅದು ನಟನ ನಿಜವಾದ ತಡವರಿಕೆ. ನಿರ್ದೇಶಕರು ಅದನ್ನು ಕತ್ತರಿಸಲಿಲ್ಲ, ಮತ್ತು ಕತ್ತರಿಸದಿದ್ದುದೇ ಸರಿಯಾಯಿತು.

ಕಸುಬಿನ ಕಟ್ಟಳೆಗಳನ್ನು ದಾಖಲಿಸುವಲ್ಲಿ ಚಿತ್ರದ ಕೊಡುಗೆ ದೊಡ್ಡದು. ಹೆಸರು ಹೇಳಲಿಚ್ಛಿಸದ ಒಬ್ಬ ವ್ಯಕ್ತಿ ಕೊಟ್ಟ ಮಾಹಿತಿಯನ್ನು ಅವನೊಂದಿಗೆ ಸಂಬಂಧವಿಲ್ಲದ ಇನ್ನೊಬ್ಬನಿಂದ ಖಚಿತಪಡಿಸಿಕೊಳ್ಳದೆ ಅಚ್ಚುಹಾಕಬಾರದೆಂಬ ‘ಎರಡು ಮೂಲ’ಗಳ ನಿಯಮವನ್ನು ವಾಟರ್‌ಗೇಟ್ ವರದಿಗಳಿಗೆ ‘ಪೋಸ್ಟ್’ನ ಸಂಪಾದಕರು ಅನ್ವಯಿಸಿದ್ದರು, ಈ ನಿಯಮ ಸುದ್ದಿಮನೆಯ ಹೊರಗಿನ ಜನಸಾಮಾನ್ಯರಿಗೆ ಪರಿಚಯವಾದದ್ದು ಬಹುಮಟ್ಟಿಗೆ ಈ ಚಿತ್ರದಿಂದ. ಸಮಿತಿಯ ಲೆಕ್ಕಪತ್ರ ನೋಡುತ್ತಿದ್ದ ಮಹಿಳೆಯ ಮನೆಗೆ ಬರ್ನ್‌ಸ್ಟೀನ್ ಪಾತ್ರದ ಡಸ್ಟಿನ್ ಹಾಫ್‌ಮನ್ ಹೋಗುವ ಪ್ರಸಂಗದಲ್ಲಿ, ಕಾಫಿ ಮುಗಿದರೆ ಎದ್ದುಹೋಗಬೇಕಾಗುತ್ತದೆಂಬ ಕಾರಣಕ್ಕೆ ಅವನು ಕಾಫಿಯ ಮೇಲೆ ಕಾಫಿ ಕೇಳುತ್ತಾನೆ, ಪೂರ್ಣ ಹೆಸರು ಹೇಳಲು ಅಂಜುವ ಆಕೆಯ ಬಾಯಿಂದ ಮೊದಲಕ್ಷರಗಳನ್ನಷ್ಟೇ ಹೊರಡಿಸುತ್ತಾನೆ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೃಶ್ಯದಲ್ಲಿ ಇಬ್ಬರೂ ಪುಸ್ತಕ ಎರವಲು ಚೀಟಿಗಳ ರಾಶಿಯನ್ನು ಮುಂದಿಟ್ಟುಕೊಂಡು ಒಂದೊಂದಾಗಿ ತಿರುವುತ್ತಿರುವಾಗ ಕ್ಯಾಮೆರಾ ಗುಮ್ಮಟದ ಎತ್ತರಕ್ಕೆ ಏರುತ್ತ ಹೋಗಿ, ಅವರು ವಾಚನಾಲಯದ ವೃತ್ತದಲ್ಲಿ ಎರಡು ಚುಕ್ಕಿಗಳಾಗುತ್ತಾರೆ. ಅಷ್ಟೆಲ್ಲ ಹುಡುಕಿಯೂ ಬೇಕಾದ ಚೀಟಿ ಸಿಗುವುದಿಲ್ಲ. ವ್ಯರ್ಥವಾದ ದುಡಿಮೆಯನ್ನು ಇಷ್ಟು ಭವ್ಯವಾಗಿ ತೋರಿಸುವ ಧೈರ್ಯ ಥ್ರಿಲ್ಲರ್ ನಿರ್ದೇಶಕರಲ್ಲಿ ಅಪರೂಪ.

ತನ್ನ ಸುದ್ದಿಮನೆಯಲ್ಲಿ ಚಿತ್ರೀಕರಿಸಲು ಪತ್ರಿಕೆ ಒಪ್ಪದಿದ್ದುದರಿಂದ ಕ್ಯಾಲಿಫೋರ್ನಿಯಾದ ಬರ್‌ಬ್ಯಾಂಕ್ ಸ್ಟುಡಿಯೊದಲ್ಲಿ ಅದರ ಪ್ರತಿರೂಪವನ್ನೇ ಕಟ್ಟಲಾಯಿತು. ಪತ್ರಿಕೆಗೆ ಮೇಜು ಒದಗಿಸಿದ್ದ ಕಂಪನಿಯಿಂದಲೇ ಸುಮಾರು 200 ಮೇಜುಗಳನ್ನು ಕೊಂಡು ಅದೇ ಬಣ್ಣ ಬಳಿದದ್ದಲ್ಲದೆ, ನಿಜವಾದ ಸುದ್ದಿಮನೆಯ ಕಸವನ್ನೂ ಪೆಟ್ಟಿಗೆಗಳಲ್ಲಿ ತರಿಸಿ ಮೇಜುಗಳ ಮೇಲೆ ಹರಡಿದರು. ಕಲಾ ನಿರ್ದೇಶನಕ್ಕೆ ಆಸ್ಕರ್ ಬಂತು. ಚಿತ್ರಕಥೆ, ಧ್ವನಿ ಮತ್ತು ಸಂಪಾದಕ ಬೆನ್ ಬ್ರಾಡ್ಲಿ ಪಾತ್ರದ ಜೇಸನ್ ರೊಬಾರ್ಡ್ಸ್ ಅವರ ಅಭಿನಯಕ್ಕೂ ಬಂತು. ಆದರೆ ಕಸದ ಬುಟ್ಟಿಯವರೆಗೂ ನಿಜವನ್ನು ಪಾಲಿಸಿದ ಈ ನಿಷ್ಠೆಗೆ ಮಿತಿಗಳಿದ್ದವು. ಮಯಾಮಿಯ ಕಚೇರಿಯೊಂದರಲ್ಲಿ ದಿನವಿಡೀ ಕಾಯಿಸುವ ಕಾರ್ಯದರ್ಶಿಯನ್ನು ಬರ್ನ್‌ಸ್ಟೀನ್ ಸುಳ್ಳು ಕರೆಯ ಉಪಾಯದಿಂದ ಎಬ್ಬಿಸಿ ಒಳನುಗ್ಗುವ ಪ್ರಸಂಗ, ಬರ್ನ್‌ಸ್ಟೀನ್ ಹಾಗೂ ಅವರ ಅಂದಿನ ಸಂಗಾತಿ ನೋರಾ ಎಫ್ರಾನ್ ಸಿದ್ಧಪಡಿಸಿದ್ದ ಪರ್ಯಾಯ ಚಿತ್ರಕಥೆಯಿಂದ ಉಳಿದುಬಂದದ್ದು ಮತ್ತು ಅದು ನಿಜವಾಗಿ ನಡೆದಿರಲಿಲ್ಲವೆಂದು ಚಿತ್ರಕಥೆಗಾರ ವಿಲಿಯಂ ಗೋಲ್ಡ್‌ಮನ್ ಮುಂದೆ ಹೇಳಿದರು. ಹಣದ ಜಾಡನ್ನು ಹಿಡಿಯಿರಿ ಎಂಬ, ಇಂದು ಜಗತ್ತಿನ ಪತ್ರಿಕೋದ್ಯಮ ತರಗತಿಗಳಲ್ಲೆಲ್ಲ ಕೇಳಿಬರುವ ಸಲಹೆಯೂ ಗೋಲ್ಡ್‌ಮನ್ ಲೇಖನಿಯದೇ. ವರದಿಗಾರರ 1974ರ ಪುಸ್ತಕದಲ್ಲಿ ಅದು ಇಲ್ಲ. ಆ ಪುಸ್ತಕ ಅಧ್ಯಕ್ಷನ ಆಪ್ತರ ಕಥೆಯಾಗುವ ಬದಲು ವರದಿಗಾರರ ಕಥೆಯಾಗಿ ರೂಪುಗೊಂಡದ್ದರಲ್ಲಿ, ಅದು ಬರುವುದಕ್ಕೆ ಮೊದಲೇ ಇವರನ್ನು ಹುಡುಕಿ ಬಂದಿದ್ದ ರೆಡ್‌ಫೋರ್ಡ್ ಅವರ ಆಸಕ್ತಿಯ ಪಾಲೂ ಇತ್ತು. ಆಕರಗ್ರಂಥವೇ ಚಿತ್ರದ ನೆರಳಿನಲ್ಲಿ ಬೆಳೆದದ್ದು ಇಲ್ಲಿಯ ವೈಚಿತ್ರ್ಯ.

ಚಿತ್ರ ಕೈಬಿಟ್ಟ ಹೆಸರುಗಳಲ್ಲಿ ಬ್ಯಾರಿ ಸಸ್ಮನ್ ಅವರದು ಮುಖ್ಯವಾದುದು. ನಗರ ವಿಭಾಗದ ಸಂಪಾದಕರಾಗಿದ್ದ ಅವರು ಮೊದಲ ದಿನವೇ ವುಡ್‌ವರ್ಡ್ ಅವರನ್ನು ನಿದ್ದೆಯಿಂದ ಎಬ್ಬಿಸಿ ಕೆಲಸಕ್ಕೆ ಹಚ್ಚಿದವರು, ಚದುರಿದ ಸಂಗತಿಗಳನ್ನು ಜೋಡಿಸಿ ಅವುಗಳ ಅರ್ಥವನ್ನು ಗ್ರಹಿಸಿದವರು. ತೆರೆಯ ಮೇಲೆ ಅವರ ಕೆಲಸ ಇತರ ಸಂಪಾದಕ ಪಾತ್ರಗಳಿಗೆ ಹಂಚಿಹೋಗಿ ಅವರು ಪೂರ್ತಿಯಾಗಿ ಮಾಯವಾದರು. ಪ್ರಕಾಶಕಿ ಕ್ಯಾಥರಿನ್ ಗ್ರಹಾಂ ಕೂಡ ಒಂದು ಬೆದರಿಕೆಯ ಮಾತಿನಲ್ಲಿ ಹೆಸರಾಗಿ ಬಂದುಹೋಗುವುದನ್ನು ಬಿಟ್ಟರೆ ಚಿತ್ರದಲ್ಲಿಲ್ಲ, ಕಂಪನಿಯ ಫ್ಲಾರಿಡಾದ ಟಿ.ವಿ. ಕೇಂದ್ರಗಳ ಪರವಾನಗಿಗೆ ಸಂಚಕಾರ ಬಂದಾಗ ಅದರ ಭಾರ ಹೊತ್ತವರು ಅವರೇ ಆಗಿದ್ದರೂ. ಆರೋಪ ಹೊರಿಸುವಷ್ಟು ಸಾಕ್ಷ್ಯವಿದೆಯೇ ಎಂದು ಗುಪ್ತವಾಗಿ ವಿಚಾರಿಸುವ ನಾಗರಿಕರ ಮಂಡಳಿಗೆ ಅಮೆರಿಕದಲ್ಲಿ ಗ್ರ್ಯಾಂಡ್ ಜ್ಯೂರಿ ಎನ್ನುತ್ತಾರೆ. ಅದರ ಸದಸ್ಯರನ್ನೇ ಮಾತನಾಡಿಸಲು ಈ ವರದಿಗಾರರು 1972ರ ಡಿಸೆಂಬರ್‌ನಲ್ಲಿ ಯತ್ನಿಸಿ ನ್ಯಾಯಾಧೀಶ ಜಾನ್ ಸಿರಿಕಾ ಅವರ ಅಸಮಾಧಾನಕ್ಕೆ ಗುರಿಯಾದದ್ದನ್ನು ಪುಸ್ತಕ ಮುಚ್ಚಿಡದೆ ಹೇಳುತ್ತದೆ, ಚಿತ್ರ ಹೇಳುವುದಿಲ್ಲ.

ಇದಕ್ಕಿಂತ ದೊಡ್ಡ ಆಕ್ಷೇಪವೊಂದಿದೆ. ಚಿತ್ರ ಬರುವುದಕ್ಕೆ ಮೊದಲೇ, 1974ರಲ್ಲಿ, ಲೇಖಕ ಎಡ್ವರ್ಡ್ ಜೇ ಎಪ್‌ಸ್ಟೀನ್ ವಾಟರ್‌ಗೇಟನ್ನು ಬಯಲಿಗೆಳೆದದ್ದು ಪತ್ರಿಕೆಗಳಲ್ಲ, ಎಫ್‌ಬಿಐ, ಸರ್ಕಾರಿ ಅಭಿಯೋಜಕರು, ಗ್ರ್ಯಾಂಡ್ ಜ್ಯೂರಿ ಮತ್ತು ಕಾಂಗ್ರೆಸ್ ಸಮಿತಿಗಳು ಎಂದು ವಾದಿಸಿದ್ದರು. ಘಟನಾವಳಿ ಈ ವಾದಕ್ಕೆ ಬಹುಪಾಲು ಬೆಂಬಲ ಕೊಡುತ್ತದೆ. 1973ರ ಮಾರ್ಚ್‌ನಲ್ಲಿ ಬಂಧಿತರಲ್ಲೊಬ್ಬನಾದ ಜೇಮ್ಸ್ ಮೆಕಾರ್ಡ್ ಸಿರಿಕಾ ಅವರಿಗೆ ಬರೆದ ಪತ್ರ, ಜುಲೈನಲ್ಲಿ ಸೆನೆಟ್ ಸಮಿತಿಯ ಮುಂದೆ ಬಯಲಾದ ಶ್ವೇತಭವನದ ಧ್ವನಿಮುದ್ರಣ ವ್ಯವಸ್ಥೆ, ಆ ಸುರುಳಿಗಳನ್ನು ಒಪ್ಪಿಸಲೇಬೇಕೆಂದು 1974ರ ಜುಲೈ 24ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ನೀಡಿದ ತೀರ್ಪು: ಆಗಸ್ಟ್ 9ರ ರಾಜೀನಾಮೆಗೆ ದಾರಿ ಮಾಡಿದ್ದು ಇವು. ಆದರೆ 1972ರ ಬೇಸಿಗೆಯಿಂದ ಚಳಿಗಾಲದವರೆಗೆ, ಮತದಾರರಾಗಲಿ ಬಹುತೇಕ ಪತ್ರಿಕೆಗಳಾಗಲಿ ಈ ವಿಷಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಿಂಗಳುಗಳಲ್ಲಿ, ಅದನ್ನು ಸಾಯಗೊಡದೆ ಉಳಿಸಿದ ಶ್ರೇಯಸ್ಸನ್ನು ‘ಪೋಸ್ಟ್’ಗೆ ನಿರಾಕರಿಸುವುದೂ ಅನ್ಯಾಯವೇ. ಪಾಕುಲಾ ತಮ್ಮ ಚಿತ್ರವನ್ನು ಆ ತಿಂಗಳುಗಳಿಗಷ್ಟೇ ಸೀಮಿತಗೊಳಿಸಿದ್ದಾರೆ ಎಂಬುದನ್ನು ಟೀಕಾಕಾರರು ಮರೆಯುತ್ತಾರೆ. ಅಧ್ಯಕ್ಷರ ಆಪ್ತ ಹಾಲ್ಡಮನ್ ಗುಪ್ತನಿಧಿಯನ್ನು ನಿಯಂತ್ರಿಸುತ್ತಿದ್ದರೆಂದು ಸಮಿತಿಯ ಖಜಾಂಚಿ ಹ್ಯೂ ಸ್ಲೋನ್ ಗ್ರ್ಯಾಂಡ್ ಜ್ಯೂರಿಯ ಮುಂದೆ ಹೇಳಿದ್ದಾರೆ ಎಂಬ ಅಕ್ಟೋಬರ್ 25ರ ವರದಿಯಲ್ಲಿ ದೋಷವಿತ್ತು; ನಿಧಿಯ ವಿಷಯ ನಿಜವಾಗಿದ್ದರೂ ಸ್ಲೋನ್ ಅದನ್ನು ಅಲ್ಲಿ ಹೇಳಿರಲಿಲ್ಲ. ಚಿತ್ರದ ಶಿಖರ ಈ ಸೋಲೇ. ಅದರ ಬಳಿಕ 1973ರ ಜನವರಿಯಲ್ಲಿ ನಿಕ್ಸನ್ ಎರಡನೆಯ ಬಾರಿಗೆ ಪ್ರಮಾಣವಚನ ಸ್ವೀಕರಿಸುವುದು ಸುದ್ದಿಮನೆಯ ಟಿ.ವಿ.ಯಲ್ಲಿ ಕಾಣುತ್ತಿರುವಂತೆ ಇಬ್ಬರೂ ಹಿಂದೆ ಟೈಪ್ ಮಾಡುತ್ತ ಕುಳಿತಿರುತ್ತಾರೆ, ಮುಂದಿನ ಸುಮಾರು ಹತ್ತೊಂಬತ್ತು ತಿಂಗಳ ಚರಿತ್ರೆಯನ್ನು ಟೆಲಿಪ್ರಿಂಟರ್ ಕೆಲವೇ ಸಾಲುಗಳಲ್ಲಿ ಮುಗಿಸಿಬಿಡುತ್ತದೆ.

ಚಿತ್ರದಿಂದ ಕಸುಬಿಗೆ ಬಂದ ಕೀರ್ತಿಯ ಬಗೆಗೆ ಹೇಳುವುದು ಸ್ವಲ್ಪವೇ ಇದೆ. ಅಮೆರಿಕದ ಪತ್ರಿಕೋದ್ಯಮ ಕಾಲೇಜುಗಳು ಈ ಇಬ್ಬರಿಂದಾಗಿಯೇ ತುಂಬಿದವೆಂಬ ಜನಪ್ರಿಯ ನಂಬಿಕೆಯನ್ನು ಸಮಾಜಶಾಸ್ತ್ರಜ್ಞ ಮೈಕೆಲ್ ಶಡ್ಸನ್ ಪರೀಕ್ಷಿಸಿ, ವಿದ್ಯಾರ್ಥಿಗಳ ಸಂಖ್ಯೆಯ ಏರಿಕೆ ವಾಟರ್‌ಗೇಟ್‌ಗೆ ಮುಂಚೆಯೇ ಆರಂಭವಾಗಿತ್ತೆಂದು ತೋರಿಸಿದ್ದಾರೆ. ಕಸುಬಿನ ಅಪಾಯವನ್ನು ನೆನಪಿಸುವ ಘಟನೆಯೂ ಅದೇ ವರ್ಷದ್ದು: ಚಿತ್ರ ಬಿಡುಗಡೆಯಾಗಿ ಎರಡು ತಿಂಗಳು ತುಂಬುವುದರೊಳಗೆ, 1976ರ ಜೂನ್ 2ರಂದು, ಫೀನಿಕ್ಸ್ ನಗರದಲ್ಲಿ ‘ಅರಿಜೋನಾ ರಿಪಬ್ಲಿಕ್’ ಪತ್ರಿಕೆಯ ಡಾನ್ ಬೋಲ್ಸ್ ಅವರ ಕಾರಿನಡಿ ಬಾಂಬು ಸಿಡಿಯಿತು, ಹನ್ನೊಂದು ದಿನ ನರಳಿ ಅವರು ಸತ್ತರು. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ತನಿಖಾ ವರದಿಗಾರರ ಸಂಘಟನೆಯ ಆಶ್ರಯದಲ್ಲಿ ಹಲವು ಪತ್ರಿಕೆಗಳವರು ಅರಿಜೋನಾಕ್ಕೆ ಬಂದು ಅವರು ಬಿಟ್ಟ ಕೆಲಸವನ್ನು ಒಟ್ಟಾಗಿ ಮುಂದುವರಿಸಿದರು.

ರಾತ್ರಿ ಗ್ಯಾರೇಜಿನಲ್ಲಿ ವುಡ್‌ವರ್ಡ್‌ಗೆ ಸಿಗುತ್ತಿದ್ದ, ಹಾಲ್ ಹಾಲ್‌ಬ್ರುಕ್ ಅಭಿನಯಿಸಿದ ಅನಾಮಿಕ ಮೂಲದ ಪ್ರಶ್ನೆ ಉಳಿಯುತ್ತದೆ. ವಿಲಿಸ್ ಸುದ್ದಿಮನೆಯನ್ನು ನೆರಳೇ ಬೀಳದ ಟ್ಯೂಬ್‌ಲೈಟ್ ಬೆಳಕಿನಲ್ಲೂ ಗ್ಯಾರೇಜನ್ನು ಮುಖವೂ ಕಾಣದ ಕತ್ತಲಲ್ಲೂ ತೋರಿಸಿ, ಬೆಳಕೆಂದರೆ ಸತ್ಯ, ಕತ್ತಲೆಂದರೆ ಅಧಿಕಾರ ಎಂಬ ವಿಭಜನೆಯನ್ನು ಮೂಡಿಸಿದ್ದರು. 2005ರ ಮೇ 31ರಂದು ಆ ವ್ಯಕ್ತಿ ತಾನೇ ಎಂದು ಒಪ್ಪಿಕೊಂಡ ಮಾರ್ಕ್ ಫೆಲ್ಟ್, 1972ರಲ್ಲಿ ಎಫ್‌ಬಿಐನ ಎರಡನೆಯ ಸ್ಥಾನದ ಅಧಿಕಾರಿಯಾಗಿದ್ದವರು. ಆ ವರ್ಷದ ಮೇ ತಿಂಗಳಲ್ಲಿ ಸಂಸ್ಥೆಯ ನಿರ್ದೇಶಕ ಎಡ್ಗರ್ ಹೂವರ್ ತೀರಿಕೊಂಡಾಗ ಅವರ ಸ್ಥಾನ ತಮಗೆ ಬರಬಹುದೆಂದಿದ್ದ ಫೆಲ್ಟ್ ಅವರನ್ನು ಬದಿಗಿಟ್ಟು ನಿಕ್ಸನ್ ಹೊರಗಿನ ಪ್ಯಾಟ್ರಿಕ್ ಗ್ರೇ ಅವರನ್ನು ತಂದು ಕೂರಿಸಿದ್ದರು. ವಾರಂಟಿಲ್ಲದೆ ಜನರ ಮನೆಗಳಿಗೆ ಕದ್ದು ನುಗ್ಗಲು ಅಪ್ಪಣೆ ಕೊಟ್ಟ ಅಪರಾಧಕ್ಕೆ ಇದೇ ಫೆಲ್ಟ್ 1980ರಲ್ಲಿ ಶಿಕ್ಷೆಗೊಳಗಾಗಿ, ಮರುವರ್ಷ ಅಧ್ಯಕ್ಷ ರೇಗನ್ ಅವರಿಂದ ಕ್ಷಮಾದಾನ ಪಡೆದರು. ಕನ್ನಗಳವಿನ ರಹಸ್ಯವನ್ನು ಹೇಳಿಕೊಟ್ಟವರು ಕನ್ನಕ್ಕೆ ಅನುಮತಿ ನೀಡಿದವರೂ ಆಗಿದ್ದರು. ಅವರು ಮಾತನಾಡಿದ್ದು ದೇಶದ ಹಿತಕ್ಕೋ, ಸಂಸ್ಥೆಯ ಸ್ವಾಯತ್ತತೆಗೋ, ಕೈತಪ್ಪಿದ ಹುದ್ದೆಯ ಕುದಿತಕ್ಕೋ ಎಂಬ ಚರ್ಚೆ ಚರಿತ್ರಕಾರರಲ್ಲಿ ಇನ್ನೂ ನಡೆದಿದೆ.

ಈ ಪ್ರಶ್ನೆ ಭಾರತದ ಚಿತ್ರವೊಂದಕ್ಕೆ ಮೊದಲೇ ಹೊಳೆದಿತ್ತು. ‘ಆಲ್ ದಿ ಪ್ರೆಸಿಡೆಂಟ್ಸ್ ಮೆನ್’ ಅಮೆರಿಕದಲ್ಲಿ ತೆರೆಕಂಡಾಗ ಭಾರತದಲ್ಲಿ ತುರ್ತುಪರಿಸ್ಥಿತಿಯಿದ್ದು, ಪತ್ರಿಕೆಗಳು ಪ್ರಕಟಣಾಪೂರ್ವ ಸೆನ್ಸಾರಿಗೆ ಒಳಪಟ್ಟಿದ್ದವು. ಆ ನಿರ್ಬಂಧ ಕಳಚಿದ ಮೇಲೆ ಇಲ್ಲಿಯ ತನಿಖಾ ವರದಿಗಾರಿಕೆ ಚುರುಕಾಯಿತು: ‘ಇಂಡಿಯನ್ ಎಕ್ಸ್‌ಪ್ರೆಸ್’ ವರದಿಗಳಿಂದ ಸಿಕ್ಕಿಬಿದ್ದ ಮಹಾರಾಷ್ಟ್ರದ ಮುಖ್ಯಮಂತ್ರಿ ಎ. ಆರ್. ಅಂತುಲೆ 1982ರಲ್ಲಿ ಅಧಿಕಾರ ಬಿಟ್ಟರು. ಕರ್ನಾಟಕದಲ್ಲಿ 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತಿನ ಹಂಗಿಲ್ಲದೆ ಓದುಗರ ಕಾಸಿನ ಮೇಲೆಯೇ ನಿಂತು ಅಧಿಕಾರಸ್ಥರನ್ನು ಕೆಣಕಿತು. ಇಂಥ ಕಾಲದಲ್ಲಿ ಬಂದ ರಮೇಶ್ ಶರ್ಮಾ ಅವರ ‘ನ್ಯೂ ಡೆಲ್ಲಿ ಟೈಮ್ಸ್’ (1986) ಚಿತ್ರದಲ್ಲಿ, ಶಶಿ ಕಪೂರ್ ಅಭಿನಯಿಸಿ ರಾಷ್ಟ್ರಪ್ರಶಸ್ತಿ ಪಡೆದ ಸಂಪಾದಕ ವಿಕಾಸ್ ಪಾಂಡೆ ರಾಜಕೀಯ ಕೊಲೆಯೊಂದರ ಬೆನ್ನುಹತ್ತಿ, ಎಲ್ಲ ಕಟ್ಟಳೆಗಳನ್ನು ಪಾಲಿಸಿ, ನಿಜವಾದ ಸುದ್ದಿಯನ್ನೇ ಅಚ್ಚುಹಾಕುತ್ತಾನೆ; ಆದರೆ ಆ ಸುದ್ದಿ ರಾಜಕಾರಣಿಗಳ ಅಧಿಕಾರದಾಟದಲ್ಲಿ ಒಂದು ದಾಳವಾಗಿತ್ತೆಂದು ಅವನಿಗೆ ಕಡೆಯಲ್ಲಿ ಅರಿವಾಗುತ್ತದೆ. ಮಾಹಿತಿ ಕೊಡುವವನಿಗೆ ಅದರಿಂದೇನು ಲಾಭ ಎಂಬುದನ್ನು ಪಾಕುಲಾ ವಿಚಾರಿಸಲೇ ಇಲ್ಲ. ಶರ್ಮಾ ಅದನ್ನೇ ಕಥೆಯ ತಿರುಳಾಗಿಸಿಕೊಂಡರು, ಅದೂ ಫೆಲ್ಟ್ ಹೆಸರು ಹೊರಬೀಳುವ 19 ವರ್ಷ ಮೊದಲು.